ಡಿಸ್ಕ್ ಬಿಂಬಗಳೊಳಗಣ ಕಡತಗಳ ತಿದ್ದುಪಡಿ: ಒಂದು ಚಾರಿತ್ರಿಕ ವಿವೇಚನೆ

ಕಡತವೆಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ಹತ್ತಿಯ ಬಟ್ಟೆಯ ನೀಳವಾದ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಆ ಹೆಸರು ಸಲ್ಲುತ್ತಿತ್ತು. ಶೃಂಗೇರಿ ಮಠದ ಕಡತಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದವು. ೧೮೧೦ರಲ್ಲಿ ತನ್ನ ಚರಿತ್ರೆಯ ಮೊದಲ ಸಂಪುಟವನ್ನು ಹೊರತಂದ ಮಾರ್ಕ್ ವಿಲ್ಕ್ಸನೂ ಈ ಸಾಧನವನ್ನು ವರ್ಣಿಸಿದ್ದಾನೆ. ಕಡತದ ವಿಶೇಷವೆಂದರೆ, ಅದರ ಮೇಲಣ ಬರಹವನ್ನು ಒರಸಿ ಅದೇ ಸ್ಥಳದಲ್ಲಿ ಬೇರೊಂದನ್ನು ಬರೆಯಬಹುದಾಗಿತ್ತು. ಶಿಲೆಯಲ್ಲಿಯೂ ತಾಮ್ರದಲ್ಲಿಯೂ ತಿದ್ದಿದರೆ ಗಾಯ ಉಳಿಯುತ್ತದೆ. ಕಡತದಲ್ಲಿ ತಿದ್ದಿದರೆ ಉಳಿಯುವುದು ತಿದ್ದಿದವನ ಮಾತು ಮಾತ್ರ. ಗಣಕಯಂತ್ರದ ದಾಖಲೆಯ ಘಟಕಕ್ಕೆ ಇದೇ ಹೆಸರನ್ನಿಟ್ಟವರು ಈ ಗುಣವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಇಲ್ಲವೋ, ಹೆಸರೇನೋ ಒಪ್ಪವಾಗಿಯೇ ಕೂಡಿದೆ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಒಂಟಿ ಕಡತವನ್ನು ಕುರಿತಲ್ಲ. ಅನೇಕ ಕಡತಗಳನ್ನು ಒಂದಾಗಿ ಕಟ್ಟಿಟ್ಟ ಸಂಪುಟವನ್ನು ಕುರಿತು. ಒಂದು ಫ್ಲಾಪಿಯನ್ನೋ ಸಿ.ಡಿ.ಯನ್ನೋ ಗಣಕದ ಇಡೀ ಡಿಸ್ಕನ್ನೋ ಅದರ ಸೂಚಿ, ಖಾಲಿ ಜಾಗ ಮುಂತಾದುವುಗಳೊಡನೆ ಬೈಟಿಗೆ ಬೈಟಾಗಿ ನಕಲು ಮಾಡಿ ಒಂದೇ ಕಡತವಾಗಿ ಇರಿಸಿದರೆ ಅದಕ್ಕೆ ಡಿಸ್ಕ್ ಇಮೇಜ್ ಎಂದು ಹೆಸರು. ನಾವು ಅದನ್ನು ಬಿಂಬವೆಂದು ಕರೆಯುವೆವು. ಈ ಬಿಂಬದೊಳಗಿನ ಒಂದು ಕಡತವನ್ನು, ಕಿಟಕಿ ಚಿತ್ರಗಳ ನೆರವಿಲ್ಲದೆ, ಕಮಾಂಡ್ ಲೈನ್ ಎಂಬ ಆಜ್ಞಾಪಂಕ್ತಿಯಲ್ಲಿ ನಾಲ್ಕು ಮಾತುಗಳನ್ನು ಟೈಪು ಮಾಡಿ ಬದಲಾಯಿಸುವ ಕ್ರಮಗಳು ಹೇಗೆ ಬೆಳೆದುಬಂದುವು, ಒಂದೊಂದು ಕ್ರಮವೂ ಹಿಂದಿನ ಪಾಠದ ಕುರುಹನ್ನು ಎಷ್ಟರಮಟ್ಟಿಗೆ ಉಳಿಸುತ್ತದೆ, ಎಂಬುದೇ ಇಲ್ಲಿಯ ಪ್ರಶ್ನೆ.

ಇದು ಯಂತ್ರಶಾಸ್ತ್ರದವರ ವಿಷಯವಲ್ಲವೆ, ಚರಿತ್ರೆಯವರಿಗೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ವಿಭಾಗದಲ್ಲಿ ೨೦೦೯ರಲ್ಲಿ ಸಿದ್ಧಪಡಿಸಿದ ಒಂದು ಸಿ.ಡಿ. ಇತ್ತು; ಕ್ಷೇತ್ರಕಾರ್ಯದಲ್ಲಿ ಓದಿದ ಶಾಸನಗಳ ಪಾಠಗಳು, ನಾನೂರಕ್ಕೂ ಹೆಚ್ಚು ಕಡತಗಳಾಗಿ, ಅದರಲ್ಲಿ ಅಡಕವಾಗಿದ್ದುವು. ಅದರ ಬಿಂಬವನ್ನು ವಿಭಾಗದ ಗಣಕದಲ್ಲಿರಿಸಿಕೊಂಡು ಎಲ್ಲರೂ ಬಳಸುತ್ತಿದ್ದೆವು. ಕಾಲನಿರ್ದೇಶವಿಲ್ಲದ ಒಂದು ವೀರಗಲ್ಲಿನ ಪಾಠದಲ್ಲಿ ಊರಿನ ಹೆಸರು 'ಹಳ್ಳಿ' ಎಂದು ಕೊನೆಗೊಂಡಿತ್ತು. ಅದೇ ಶಾಸನವನ್ನು ಕುರಿತ ಹಳೆಯ ಟಿಪ್ಪಣಿಯೊಂದರಲ್ಲಿ 'ಪಳ್ಳಿ' ಎಂದಿತ್ತು. ಶಾಸನಗಳಲ್ಲಿ ಹತ್ತನೆಯ ಶತಮಾನದ ಸುಮಾರಿಗೆ ತಲೆದೋರಿ ಮುಂದೆ ರೂಢವಾದ ಪಕಾರದ ಹಕಾರವು ಕಾಲನಿರ್ಣಯಕ್ಕೆ ಎಂತಹ ಆಧಾರವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಬಿಂಬದೊಳಗಿನ ಆ ಕಡತ ಯಾವಾಗ ಬರೆದದ್ದೆಂದು ನೋಡಲಾಗಿ ೨೦೧೭ರ ಒಂದು ದಿನಾಂಕ ಕಂಡಿತು. ಪಕ್ಕದ ಕಡತದ್ದೂ ಅದೇ ದಿನ. ನಾನೂರು ಕಡತಗಳದ್ದೂ ಅದೇ ದಿನ! ಆ ವರ್ಷ ಸಂಶೋಧನ ವಿದ್ಯಾರ್ಥಿಯೊಬ್ಬರು ಕೆಲವು ಬೆರಳಚ್ಚಿನ ತಪ್ಪುಗಳನ್ನು ತಿದ್ದಲೆಂದು ಬಿಂಬವನ್ನು ಬಿಚ್ಚಿ ಮತ್ತೆ ಕಟ್ಟಿದ್ದರು. ಯಾವ ತಪ್ಪುಗಳೆಂಬುದು ಅವರಿಗೆ ನೆನಪಿರಲಿಲ್ಲ. ಕಲ್ಲಾದರೋ ಅಷ್ಟರಲ್ಲಿ ಒಂದು ಮನೆಯ ಗೋಡೆಯಲ್ಲಿ ಸೇರಿ ಸುಣ್ಣ ಬಳಿಸಿಕೊಂಡಿತ್ತು.

ಈ ಪ್ರಸಂಗದಲ್ಲಿ ವಿದ್ಯಾರ್ಥಿಯನ್ನು ದೂರುವುದು ನ್ಯಾಯವಲ್ಲ. ಆತ ಅನುಸರಿಸಿದ್ದು ಆಗ ಎಲ್ಲರೂ ಹೇಳಿಕೊಡುತ್ತಿದ್ದ ದಾರಿಯನ್ನೇ. ಆ ದಾರಿ ಎಲ್ಲಿಂದ ಬಂತೆಂಬುದನ್ನು ತಿಳಿಯಲು ನಾವು ಅರ್ಧ ಶತಮಾನಕ್ಕೂ ಹಿಂದೆ ಹೋಗಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ತಾಂಪ್ಸನ್, ಡೆನ್ನಿಸ್ ರಿಚಿ ಇವರು ೧೯೬೯ರಲ್ಲಿ ತೊಡಗಿದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ ೧೯೭೧ರ ನವೆಂಬರಿನದು. ಹಲವು ಕಡತಗಳನ್ನು ಒಂದಾಗಿಸುವ 'ಏಆರ್' ಎಂಬ ಆಜ್ಞೆ ಅದರಲ್ಲಿಯೇ ಇದೆ. ಒಳಗಿನ ಒಂದನ್ನು ತೆಗೆದು ಅದರ ಹೊಸ ಪ್ರತಿಯನ್ನಿಡುವ ಅಕ್ಷರಸಂಕೇತವೂ ಇದೆ. ಎಂದರೆ ಕಟ್ಟಿಟ್ಟುದನ್ನು ತಿದ್ದುವ ಆಸೆ ಕಟ್ಟುವ ಕಲೆಯಷ್ಟೇ ಹಳೆಯದೆಂದಾಯಿತು. ಆದರೆ ಮುಂದಿನ ಪದ್ಧತಿಗಳಿಗೆಲ್ಲ ಮಾದರಿಯಾದದ್ದು ೧೯೭೯ರ ಜನವರಿಯಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದ 'ಟಾರ್'. ಟೇಪ್ ಆರ್ಕೈವ್ ಎಂಬುದರ ಸಂಕ್ಷೇಪವದು. ಅಯಸ್ಕಾಂತದ ಟೇಪಿನಲ್ಲಿ ಬರಹವು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದಾಗಿರುತ್ತದೆ. ನಡುವಿನ ಮಣಿಯನ್ನು ಬದಲಾಯಿಸುವುದು ಶಕ್ಯವಲ್ಲ. ದೊಡ್ಡದಾದರೆ ಪಕ್ಕದ್ದನ್ನು ತುಳಿಯುತ್ತದೆ. ಆದಕಾರಣ ಟಾರ್ ಒಂದು ಸರಳವಾದ ಉಪಾಯವನ್ನು ಹಿಡಿಯಿತು: ತಿದ್ದಿದ ಪ್ರತಿಯನ್ನು ಟೇಪಿನ ಕೊನೆಗೆ ಸೇರಿಸುವುದು. ಬಿಚ್ಚುವಾಗ ಮೊದಲು ಹಳೆಯದು ಹೊರಬರುತ್ತದೆ, ಆಮೇಲೆ ಅದೇ ಹೆಸರಿನ ಹೊಸದು ಬಂದು ಅದರ ಮೇಲೆ ಕೂರುತ್ತದೆ. ಬಳಸುವವನಿಗೆ ಕಾಣುವುದು ಕೊನೆಯ ಪಾಠ. ಆದರೆ ಟೇಪಿನಲ್ಲಿ ಹಿಂದಿನದೆಲ್ಲವೂ ಹಾಗೆಯೇ ಇರುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಹಳೆಯ ಪಾಠವನ್ನು ಉಳಿಸಬೇಕೆಂದು ಯಾರೂ ಯೋಚಿಸಿ ಈ ಏರ್ಪಾಟನ್ನು ಮಾಡಲಿಲ್ಲ. ಟೇಪಿನ ಅಶಕ್ತಿಯೇ ಚರಿತ್ರೆಯನ್ನು ಕಾಪಾಡಿತು. ಮುಂದೆ ಟಾರ್ ಸಂಪುಟಗಳು ಟೇಪನ್ನು ಬಿಟ್ಟು ಡಿಸ್ಕಿಗೆ ಬಂದಾಗ, ಗ್ನೂ ಸಂಘದ ಟಾರ್‌ನಲ್ಲಿ ನಡುವಿನ ಕಡತವನ್ನು ತೆಗೆದುಹಾಕುವ ಆಜ್ಞೆಯೂ ಸೇರಿತು; ಅದು ಟೇಪಿನ ಮೇಲೆ ನಡೆಯದೆಂದು ಅದರ ಕೈಪಿಡಿಯೇ ಹೇಳುತ್ತದೆ. ಟಾರ್‌ನ ಇನ್ನೊಂದು ಲಕ್ಷಣವನ್ನೂ ಇಲ್ಲಿಯೇ ಹೇಳಬೇಕು. ಪ್ರತಿಯೊಂದು ಕಡತದ ಮುಂದೆ ೫೧೨ ಬೈಟುಗಳ ಒಂದು ತಲೆಬರಹವಿದ್ದು, ಅದರಲ್ಲಿ ಹೆಸರು, ಒಡೆಯ, ಅಳತೆ, ಕಾಲ ಇವುಗಳೊಡನೆ ತಾಳೆ ನೋಡುವ ಒಂದು ಮೊತ್ತವೂ ಇರುತ್ತದೆ. ಆದರೆ ಆ ಮೊತ್ತ ತಲೆಬರಹಕ್ಕೆ ಮಾತ್ರ ಸಂಬಂಧಿಸಿದ್ದು. ಒಳಗಿನ ಬರಹವನ್ನು ಅಳತೆ ಕೆಡದಂತೆ ಬದಲಾಯಿಸಿದರೆ ಟಾರ್ ಏನೂ ಹೇಳುವುದಿಲ್ಲ.

ಫ್ಲಾಪಿಯ ಯುಗದ ಮಾತನ್ನು ಬೇಗ ಮುಗಿಸಬಹುದು. ಮೂರೂವರೆ ಅಂಗುಲದ ಫ್ಲಾಪಿಯ ಬಿಂಬವೆಂದರೆ ೨೮೮೦ ಸೆಕ್ಟರುಗಳು, ೧೪,೭೪,೫೬೦ ಬೈಟುಗಳು. ೧೯೮೦ರ ದಶಕದಲ್ಲಿ ಎಮೆಟ್ ಗ್ರೇ ಎಂಬಾತ ರಚಿಸಿದ 'ಎಂಟೂಲ್ಸ್' ಎಂಬ ಉಪಕರಣಗಳ ಕಟ್ಟು ಡಾಸ್ ಫ್ಲಾಪಿಗಳನ್ನು ಯುನಿಕ್ಸಿಗೆ ಜೋಡಿಸದೆಯೇ ಓದಲು ಬರೆಯಲು ದಾರಿ ಮಾಡಿತು. ಇಂದಿಗೂ ಅದರ 'ಎಂಕಾಪಿ' ಆಜ್ಞೆಗೆ ಬಿಂಬದ ಹೆಸರನ್ನು ಕೊಟ್ಟರೆ, ಯಾವ ವಿಶೇಷಾಧಿಕಾರವೂ ಇಲ್ಲದೆ ಒಳಗಿನ ಕಡತವನ್ನು ಬದಲಾಯಿಸಬಹುದು. ಅಲ್ಲಿ ತಿದ್ದುಪಡಿ ಸ್ವಸ್ಥಾನದಲ್ಲಿಯೇ ನಡೆಯುತ್ತದೆ. ಆದರೂ ಅಳಿಸಿದ ಕಡತದ ಹೆಸರಿನ ಮೊದಲ ಬೈಟು ಮಾತ್ರ ಒಂದು ಗುರುತಾಗಿ ಮಾರ್ಪಟ್ಟು, ಬರಹವು ಆ ಜಾಗಕ್ಕೆ ಮತ್ತೊಂದು ಬರುವವರೆಗೆ ಉಳಿದಿರುತ್ತದೆ. ಒರಸಿದ ಕಡತದ ಮೇಲೆ ಬಳಪದ ಬಿಳುಪು ಉಳಿಯುವಂತೆ.

ಸಿ.ಡಿ.ಯ ವಿಷಯವೇ ಬೇರೆ, ಮತ್ತು ನಮ್ಮ ಪ್ರಶ್ನೆಗೆ ಅದೇ ಮುಖ್ಯವಾದದ್ದು. ೧೯೮೫ರಲ್ಲಿ ಟಾಹೋ ಸರೋವರದ ಬಳಿಯ ಹೈ ಸಿಯೆರ್ರಾ ಎಂಬ ಹೋಟೆಲಿನಲ್ಲಿ ಉದ್ಯಮದ ಪ್ರತಿನಿಧಿಗಳು ಸೇರಿ, ಬೇರೆ ಬೇರೆ ಯಂತ್ರಗಳೆಲ್ಲ ಓದಬಲ್ಲ ಒಂದು ವಿನ್ಯಾಸವನ್ನು ರೂಪಿಸತೊಡಗಿದರು. ಅದೇ ಪರಿಷ್ಕೃತವಾಗಿ ೧೯೮೮ರಲ್ಲಿ ಐಎಸ್‌ಒ ೯೬೬೦ ಎಂಬ ಅಂತರರಾಷ್ಟ್ರೀಯ ಪ್ರಮಾಣವಾಯಿತು. ೨೦೪೮ ಬೈಟುಗಳ ಸೆಕ್ಟರುಗಳು. ಮೊದಲ ಹದಿನಾರನ್ನು ಬಿಟ್ಟು ೧೬ನೆಯ ಸಂಖ್ಯೆಯ ಸೆಕ್ಟರಿನಲ್ಲಿ 'ಸಿಡಿ೦೦೧' ಎಂಬ ಗುರುತುಳ್ಳ ಮುಖಪತ್ರ. ಅದರಿಂದ ಸೂಚಿಗೆ, ಸೂಚಿಯಿಂದ ಕಡತಕ್ಕೆ ದಾರಿ. ಎಡದಿಂದ ಓದುವ ಯಂತ್ರಗಳಿಗೂ ಬಲದಿಂದ ಓದುವ ಯಂತ್ರಗಳಿಗೂ ಸಲ್ಲಲೆಂದು ಮುಖ್ಯ ಸಂಖ್ಯೆಗಳನ್ನು ಎರಡೆರಡು ಸಲ ಬರೆದಿದ್ದಾರೆ. ಜಗಳವನ್ನು ತೀರಿಸಲು ಇದಕ್ಕಿಂತ ಸುಲಭವಾದ ಉಪಾಯ ಅವರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯನ್ನು ಯಾರೂ ತಿದ್ದಲಾರರಷ್ಟೆ. ಆದುದರಿಂದ ಈ ವಿನ್ಯಾಸದಲ್ಲಿ ತಿದ್ದುಪಡಿಗೆ ಅವಕಾಶವನ್ನೇ ಇಡಲಿಲ್ಲ. ಖಾಲಿ ಜಾಗದ ಲೆಕ್ಕವಿಲ್ಲ. ಕಡತಗಳು ಒತ್ತೊತ್ತಾಗಿ ಒಂದರ ಪಕ್ಕ ಒಂದು ಕುಳಿತಿರುತ್ತವೆ.

ಹೀಗಿರುವಲ್ಲಿ ಬಿಂಬವು ಗಣಕದ ಡಿಸ್ಕಿನಲ್ಲಿ ಸಾಮಾನ್ಯ ಕಡತವಾಗಿ ನೆಲೆಸಿದಾಗ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ೧೯೯೩ರಲ್ಲಿ ಥಿಯೋಡರ್ ತ್ಸೋ ಲಿನಕ್ಸಿಗಾಗಿ ಬರೆದ 'ಲೂಪ್' ಎಂಬ ಸಾಧನದಿಂದ, ಬಿಂಬವನ್ನು ನಿಜವಾದ ಡಿಸ್ಕಿನಂತೆ ಕಡತವೃಕ್ಷಕ್ಕೆ ಜೋಡಿಸುವುದು ಸಾಧ್ಯವಾಯಿತು. ಡಿಸ್ಕಿನ ಬಿಂಬವಾದರೆ ಹೀಗೆ ಜೋಡಿಸಿ, ತಿದ್ದಿ, ಬೇರ್ಪಡಿಸಿದರೆ ಕೆಲಸ ಮುಗಿಯಿತು. ಸಿ.ಡಿ.ಯ ಬಿಂಬವನ್ನು ಮಾತ್ರ, ಬರೆಯಲು ಎಷ್ಟೇ ಅಧಿಕಾರವಿದ್ದರೂ, ಲಿನಕ್ಸ್ ಓದುವುದಕ್ಕಷ್ಟೇ ಜೋಡಿಸುತ್ತದೆ. ಬರೆಯುವ ವಿದ್ಯೆಯನ್ನು ಆ ಭಾಗಕ್ಕೆ ಕಲಿಸಿಯೇ ಇಲ್ಲ. ಆದ್ದರಿಂದ ರೂಢಿಗೆ ಬಂದ ದಾರಿ ಹೀಗೆ: ಬಿಂಬವನ್ನು ಜೋಡಿಸು, ಒಳಗಿನದನ್ನೆಲ್ಲ ಬೇರೆಡೆಗೆ ನಕಲು ಮಾಡು, ಬೇಕಾದುದನ್ನು ತಿದ್ದು, ಎರಿಕ್ ಯಂಗ್‌ಡೇಲ್ ೧೯೯೩ರಲ್ಲಿ ಮೊದಲಿಟ್ಟ 'ಎಂಕೆಐಎಸ್‌ಒಎಫ್‌ಎಸ್' ಎಂಬ ಆಜ್ಞೆಯಿಂದ ಹೊಸ ಬಿಂಬವನ್ನು ಕಟ್ಟು. ನಮ್ಮ ವಿದ್ಯಾರ್ಥಿ ಹಿಡಿದದ್ದು ಇದನ್ನೇ. ನಕಲು ಮಾಡುವ ಆಜ್ಞೆಗೆ ಕಾಲವನ್ನು ಉಳಿಸೆಂದು ಹೇಳುವ ಒಂದು ಅಕ್ಷರವನ್ನು ಸೇರಿಸದೆ ಹೋದರೆ, ಎಲ್ಲ ಕಡತಗಳೂ ನಕಲಾದ ಗಳಿಗೆಯಲ್ಲಿಯೇ ಹುಟ್ಟಿದುವೆಂದು ದಾಖಲಾಗುತ್ತದೆ. ಒಂದು ಅಕ್ಷರದ ಲೋಪದಿಂದ ಒಂಬತ್ತು ವರ್ಷಗಳ ಕೆಲಸದ ಅನುಕ್ರಮ ಹೋಯಿತು.

ಈ ಬಿಚ್ಚಿ ಕಟ್ಟುವ ಪದ್ಧತಿ ಜನಪ್ರಿಯವಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ೨೦೦೦ದಲ್ಲಿ ಕ್ಲೌಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್, ಗಣಕದಲ್ಲಿ ಸ್ಥಾಪಿಸದೆಯೇ ಸಿ.ಡಿ.ಯಿಂದಲೇ ನಡೆಯುವ ವ್ಯವಸ್ಥೆಯಾಗಿತ್ತು. ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಲು ಎಷ್ಟೋ ಮಂದಿ ಬಿಂಬವನ್ನು ಬಿಚ್ಚಿ ಕಟ್ಟತೊಡಗಿದರು. ಅದರೊಳಗೆ ಮತ್ತೊಂದು ಒತ್ತಿದ ಬಿಂಬವಿರುತ್ತಿತ್ತು; ಹಣ್ಣಿನೊಳಗೆ ಬೀಜ, ಬೀಜದೊಳಗೆ ತಿರುಳು. ಆಪಲ್ ಸಂಸ್ಥೆಯ ಗಣಕಗಳಲ್ಲಿಯೂ 'ಎಚ್‌ಡಿಐಯುಟಿಲ್' ಎಂಬ ಆಜ್ಞೆಯಿಂದ ಒತ್ತಿದ ಬಿಂಬವನ್ನು ಬರೆಯಬಲ್ಲ ರೂಪಕ್ಕೆ ತಿರುಗಿಸಿ, ತಿದ್ದಿ, ಮರಳಿ ಒತ್ತಬೇಕು. ಆದರೆ ಅಲ್ಲಿ 'ನೆರಳು' ಎಂಬ ಒಂದು ಸೌಲಭ್ಯವಿದೆ: ಮೂಲ ಬಿಂಬವನ್ನು ಮುಟ್ಟದೆ ತಿದ್ದುಪಡಿಗಳೆಲ್ಲ ಬೇರೊಂದು ಕಡತದಲ್ಲಿ ಶೇಖರವಾಗುತ್ತವೆ. ಇದನ್ನು ಬಳಸುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಗ್ರಂಥಸಂಪಾದಕನಿಗೆ ಇದಕ್ಕಿಂತ ಒಪ್ಪುವ ಏರ್ಪಾಟು ಮತ್ತೊಂದಿಲ್ಲ.

ಬಿಚ್ಚದೆ ಸೇರಿಸುವ ಟೇಪಿನ ನ್ಯಾಯವು ಸಿ.ಡಿ.ಗೆ ಮರಳಿ ಬಂದದ್ದು ಬರೆಯಬಹುದಾದ ತಟ್ಟೆಗಳ ಮೂಲಕ. ೧೯೯೨ರಲ್ಲಿ ಕೊಡಕ್ ಸಂಸ್ಥೆಯ ಫೋಟೊ ಸಿ.ಡಿ.ಗಳಲ್ಲಿ ಒಂದು ಸಲ ಚಿತ್ರಗಳನ್ನು ಬರೆಸಿ, ಆಮೇಲೆ ಇನ್ನಷ್ಟನ್ನು ಸೇರಿಸುವುದಕ್ಕೆ ಅವಕಾಶವಿತ್ತು. ಪ್ರತಿಯೊಂದು ಸೇರ್ಪಡೆಗೂ ಸೆಷನ್ ಎಂದು ಹೆಸರು. ಹೊಸ ಸೆಷನ್ನಿನಲ್ಲಿ ಹೊಸ ಸೂಚಿಯಿರುತ್ತದೆ. ಬದಲಾಗದ ಕಡತಗಳಿಗೆ ಅದು ಹಳೆಯ ಸ್ಥಳವನ್ನೇ ತೋರಿಸುತ್ತದೆ, ಬದಲಾದುದಕ್ಕೆ ಹೊಸ ಸ್ಥಳವನ್ನು ತೋರಿಸುತ್ತದೆ. ಥಾಮಸ್ ಶ್ಮಿಟ್ ರಚಿಸಿದ 'ಎಕ್ಸೋರಿಸೋ' ಎಂಬ ಉಪಕರಣವು ಇದೇ ಕ್ರಮವನ್ನು ಡಿಸ್ಕಿನಲ್ಲಿರುವ ಬಿಂಬಕ್ಕೂ ಅನ್ವಯಿಸಿತು. ಬಿಂಬವನ್ನು ಬಿಚ್ಚದೆ, ಜೋಡಿಸದೆ, ಒಂದೇ ಆಜ್ಞೆಯಲ್ಲಿ ಒಂದು ಕಡತವನ್ನು ಬದಲಾಯಿಸಬಹುದು. ಹೊಸ ಪಾಠ ಕೊನೆಯಲ್ಲಿ ಸೇರುತ್ತದೆ, ಹಳೆಯ ಪಾಠ ತನ್ನ ಸೆಕ್ಟರಿನಲ್ಲಿಯೇ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ತಟ್ಟೆಯಲ್ಲಿ ಹಳೆಯ ಮುಖಪತ್ರ ಅಳಿಯುವುದಿಲ್ಲ. ಕಡತರೂಪದ ಬಿಂಬದಲ್ಲಿಯಾದರೋ ೧೬ನೆಯ ಸೆಕ್ಟರಿನ ಮುಖಪತ್ರವನ್ನೇ ಹೊಸ ಸೂಚಿಯ ಕಡೆಗೆ ತಿರುಗಿಸಬೇಕಾಗುತ್ತದೆ. ಆದ್ದರಿಂದ ಬರಹ ಉಳಿದರೂ, ಅದಕ್ಕೆ ಹೋಗುತ್ತಿದ್ದ ಹಳೆಯ ಹೆಬ್ಬಾಗಿಲು ಉಳಿಯಿತೆನ್ನಲಾಗದು.

ಇನ್ನು ಗುಪ್ತವಾದ ಒಂದು ದಾರಿಯನ್ನು ಹೇಳದೆ ವಿಷಯ ಪೂರ್ಣವಾಗದು. ಐಎಸ್‌ಒ ಬಿಂಬದಲ್ಲಿ ಕಡತದ ಬರಹ ಸಾಮಾನ್ಯವಾಗಿ ಅಖಂಡವಾಗಿರುವುದರಿಂದ, ಅದು ಎಷ್ಟನೆಯ ಬೈಟಿನಲ್ಲಿ ಮೊದಲಾಗುತ್ತದೆಂದು ತಿಳಿದರೆ ಯುನಿಕ್ಸಿನ ಹಳೆಯ 'ಡಿಡಿ' ಆಜ್ಞೆಯಿಂದ ಅಲ್ಲಿಯೇ ಬೇರೆ ಬೈಟುಗಳನ್ನು ಬರೆಯಬಹುದು. ಅಳತೆ ಮಾತ್ರ ಸಮನಾಗಿರಬೇಕು. ಸೂಚಿಯನ್ನು ಮುಟ್ಟಿಲ್ಲವಾದ್ದರಿಂದ ಒಳಗಿನ ಕಡತದ ದಿನಾಂಕ ಬದಲಾಗುವುದಿಲ್ಲ. ನಮ್ಮ ಶಾಸನಪಾಠದ ಪ್ರಸಂಗಕ್ಕೆ ಇದನ್ನು ಅನ್ವಯಿಸಿ ನೋಡೋಣ. ಯೂನಿಕೋಡಿನ ಯುಟಿಎಫ್-೮ ಲೇಖನಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. 'ಪ' ಮತ್ತು 'ಹ' ಇವೆರಡರ ಮೊದಲಿನ ಎರಡು ಬೈಟುಗಳು ಒಂದೇ. ಭೇದವಿರುವುದು ಮೂರನೆಯದರಲ್ಲಿ ಮಾತ್ರ. 'ಪಳ್ಳಿ'ಗೂ 'ಹಳ್ಳಿ'ಗೂ ಹದಿನೈದು ಹದಿನೈದು ಬೈಟುಗಳ ಅಳತೆ. ಎಂದಮೇಲೆ ಒಂದೇ ಒಂದು ಬೈಟನ್ನು ಬದಲಾಯಿಸಿದರೆ ಊರಿನ ಹೆಸರು ಹೊಸಗನ್ನಡವಾಗುತ್ತದೆ, ವೀರಗಲ್ಲು ಒಂದೆರಡು ಶತಮಾನ ಈಚೆಗೆ ಸರಿಯುತ್ತದೆ, ಕಡತದ ಮೇಲಣ ತಾರೀಖು ಅಲುಗುವುದಿಲ್ಲ. ಗಂಗರ ಕೂಟತಾಮ್ರಶಾಸನಗಳನ್ನು ಕುರಿತು ಫ್ಲೀಟ್, ರೈಸ್ ಇವರ ನಡುವೆ ನಡೆದ ವಾದವನ್ನು ಬಲ್ಲವರು ಇದರ ಭಾರವನ್ನು ಅರಿಯಬಲ್ಲರು. ಅಲ್ಲಿ ಲಿಪಿಯ ರೂಪವಾದರೂ ಸಾಕ್ಷಿಗೆ ನಿಲ್ಲುತ್ತಿತ್ತು. ಬೈಟಿಗೆ ಲಿಪಿಭೇದವಿಲ್ಲ.

ದೊಡ್ಡ ಡಿಸ್ಕುಗಳ ಬಿಂಬಗಳಿಗೆ 'ಡಿಬಗ್‌ಎಫ್‌ಎಸ್', ೨೦೦೯ರಲ್ಲಿ ರಿಚರ್ಡ್ ಜೋನ್ಸ್ ಆರಂಭಿಸಿದ ಲಿಬ್‌ಗೆಸ್ಟ್‌ಎಫ್‌ಎಸ್‌ನ 'ಗೆಸ್ಟ್‌ಫಿಶ್' ಮುಂತಾದ ಉಪಕರಣಗಳಿವೆ. ಗೆಸ್ಟ್‌ಫಿಶ್ ತನ್ನೊಳಗೇ ಒಂದು ಚಿಕ್ಕ ಲಿನಕ್ಸನ್ನು ನಡೆಯಿಸಿ ಅದರ ಕೈಯಿಂದ ತಿದ್ದಿಸುತ್ತದೆ. ನಡೆಯುತ್ತಿರುವ ಯಂತ್ರದ ಡಿಸ್ಕಿಗೆ ಅದರಿಂದ ಬರೆಯಕೂಡದೆಂದು ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ಇಬ್ಬರು ಕರಣಿಕರು ಒಂದೇ ಹಾಳೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ಬರೆದರೆ ಏನಾಗುವುದೋ ಅದೇ ಆಗುತ್ತದೆ. ಇವೆಲ್ಲ ಸ್ವಸ್ಥಾನದ ತಿದ್ದುಪಡಿಗಳು. ನಮ್ಮ ವಿಚಾರಕ್ಕೆ ಹೊಸದನ್ನೇನೂ ಸೇರಿಸುವುದಿಲ್ಲ.

ಕುರುಹನ್ನು ಉಳಿಸದ ತಿದ್ದುಪಡಿಯನ್ನು ಕಂಡುಹಿಡಿಯಲು ಇರುವ ಉಪಾಯ ಹ್ಯಾಷ್ ಎಂಬ ಅಂಕಮುದ್ರೆ. ಇಡೀ ಬಿಂಬವನ್ನು ಗಣಿತಕ್ಕೆ ಒಳಪಡಿಸಿ ಒಂದು ಸಣ್ಣ ಸಂಖ್ಯೆಯನ್ನು ಪಡೆಯುತ್ತಾರೆ. ಒಂದು ಬೈಟು ಬದಲಾದರೂ ಸಂಖ್ಯೆ ಪೂರಾ ಬೇರೆಯಾಗುತ್ತದೆ. ರಾನ್ ರಿವೆಸ್ಟ್ ೧೯೯೧ರಲ್ಲಿ ರಚಿಸಿದ ಎಂಡಿ೫ ಬಹುಕಾಲ ಬಳಕೆಯಲ್ಲಿತ್ತು. ಎರಡು ಬೇರೆ ಬರಹಗಳಿಗೆ ಒಂದೇ ಮುದ್ರೆ ಬೀಳುವಂತೆ ಮಾಡಬಹುದೆಂದು ೨೦೦೪ರಲ್ಲಿ ಚೀನಾದ ವಿದುಷಿ ವಾಂಗ್ ಷಿಯಾವೊಯುನ್ ಮತ್ತು ಸಂಗಡಿಗರು ತೋರಿಸಿದರು. ಎಸ್‌ಎಚ್‌ಎ-೧ಕ್ಕೂ ೨೦೧೭ರಲ್ಲಿ ಅದೇ ಗತಿಯಾಯಿತು. ಈಗ ವಿಶ್ವಾಸಾರ್ಹವೆಂದು ಬಳಸುತ್ತಿರುವುದು ಎಸ್‌ಎಚ್‌ಎ-೨೫೬.

ತಾಮ್ರಪಟಗಳನ್ನು ಪೋಣಿಸಿದ ಉಂಗುರವೂ ಅದರ ಮೇಲಣ ರಾಜಮುದ್ರೆಯೂ ಇಂತಹುದೇ ಕೆಲಸವನ್ನು ಮಾಡುತ್ತಿದ್ದುವು. ಪಟಗಳು ಕೈಗೆ ಬಂದಾಗ ಉಂಗುರ ಕತ್ತರಿಸಿತ್ತೆ, ಇಲ್ಲವೆ ಎಂಬುದನ್ನು ಶಾಸನತಜ್ಞರು ಮೊದಲು ಬರೆದಿಡುತ್ತಿದ್ದುದು ಇದಕ್ಕಾಗಿಯೇ. ಆದರೆ ಮುದ್ರೆ ಎಲ್ಲಿದೆಯೆಂಬುದೂ ಮುಖ್ಯ. ಫೆಡೋರಾ ಮೊದಲಾದ ಲಿನಕ್ಸ್ ಬಿಂಬಗಳಲ್ಲಿ ಎಂಡಿ೫ ಸಂಖ್ಯೆಯನ್ನು ಬಿಂಬದ ಮುಖಪತ್ರದಲ್ಲಿಯೇ ಅಡಗಿಸಿಡುವ ರೂಢಿಯುಂಟು. ತಟ್ಟೆ ಕೆಟ್ಟಿದೆಯೆ ಎಂದು ತಿಳಿಯಲು ಅದು ಸಾಕು. ಬುದ್ಧಿಪೂರ್ವಕವಾಗಿ ತಿದ್ದಿದವನು ಅದೇ ಉಪಕರಣದಿಂದ ಹೊಸ ಮುದ್ರೆಯನ್ನೂ ಒತ್ತಬಲ್ಲನಾದ್ದರಿಂದ ಸಾಕ್ಷ್ಯಕ್ಕೆ ಅದು ಒದಗದು. ೨೦೧೬ರ ಫೆಬ್ರವರಿ ೨೦ರಂದು ಲಿನಕ್ಸ್ ಮಿಂಟ್ ಸಂಸ್ಥೆಯ ಜಾಲತಾಣಕ್ಕೆ ನುಗ್ಗಿದವರು, ಹಿಂಬಾಗಿಲೊಂದನ್ನು ಸೇರಿಸಿ ಮರಳಿ ಕಟ್ಟಿದ ಬಿಂಬದತ್ತ ಜನರನ್ನು ತಿರುಗಿಸಿದ್ದರು. ಹೊರಗೆ ಬೇರೆಡೆ ಇದ್ದ ಮುದ್ರೆಯೊಡನೆ ತಾಳೆ ನೋಡಿದವರಿಗಷ್ಟೇ ವ್ಯತ್ಯಾಸ ಗೊತ್ತಾಗುವಂತಿತ್ತು. ನಮ್ಮ ದೇಶದ ಕಾನೂನೂ ಈ ಅಂಶವನ್ನು ತಡವಾಗಿಯಾದರೂ ಗ್ರಹಿಸಿದೆ. ೨೦೦೦ದ ಶಾಸನದಿಂದ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ ೬೫ಬಿ ಪ್ರಕರಣವು ಪ್ರಮಾಣಪತ್ರವನ್ನು ಕೇಳುತ್ತಿತ್ತೇ ಹೊರತು ಹ್ಯಾಷ್ ಸಂಖ್ಯೆಯನ್ನಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದ ಪ್ರಮಾಣಪತ್ರದ ನಮೂನೆಯಲ್ಲಿ ಆ ಸಂಖ್ಯೆಯನ್ನೂ ಅದನ್ನು ಪಡೆದ ಕ್ರಮವನ್ನೂ ಬರೆಯಬೇಕು.

ವಿಭಾಗದ ಬಿಂಬದ ಕಥೆಯನ್ನು ಮುಗಿಸಬೇಕಾಗಿದೆ. ೨೦೦೯ರ ಮೂಲ ಸಿ.ಡಿ.ಯ ಒಂದು ಪ್ರತಿ ನಿವೃತ್ತರಾದ ಹಿರಿಯ ಸಹೋದ್ಯೋಗಿಯೊಬ್ಬರ ಮನೆಯ ಬೀರುವಿನಲ್ಲಿ ಸಿಕ್ಕಿತು. ತಟ್ಟೆಯ ಅಂಚು ಮಂಕಾಗಿದ್ದರೂ ಮೂರನೆಯ ಪ್ರಯತ್ನದಲ್ಲಿ ಪೂರ್ತಿಯಾಗಿ ಓದಿತು. ಎರಡು ಬಿಂಬಗಳನ್ನೂ ಹೋಲಿಸಲಾಗಿ ೨೦೧೭ರಲ್ಲಿ ನಾಲ್ಕು ಕಡತಗಳು ಬದಲಾಗಿದ್ದುದು ತಿಳಿದುಬಂತು. ಎರಡು ನಿಜವಾಗಿಯೂ ಬೆರಳಚ್ಚಿನ ತಪ್ಪುಗಳು. ಒಂದು ಸಂದಿಗ್ಧ. ನಾಲ್ಕನೆಯದು ನಮ್ಮ ವೀರಗಲ್ಲು: ಮೂಲದಲ್ಲಿ ಸ್ಪಷ್ಟವಾಗಿ 'ಪಳ್ಳಿ' ಎಂದಿದೆ. ಊರಿನ ಇಂದಿನ ಹೆಸರನ್ನು ಬಲ್ಲ ವಿದ್ಯಾರ್ಥಿ ಅದನ್ನು ತಪ್ಪೆಂದು ಭಾವಿಸಿ ಸದ್ಭಾವದಿಂದಲೇ ತಿದ್ದಿದ್ದರು.

೨೦೦೯ರ ಬಿಂಬವನ್ನು ಈಗ ಯಾರೂ ಬರೆಯದಂತೆ ಇರಿಸಿದ್ದೇವೆ. ಅದರ ಎಸ್‌ಎಚ್‌ಎ-೨೫೬ ಮುದ್ರೆಯ ೬೪ ಅಂಕಾಕ್ಷರಗಳನ್ನು ವಿಭಾಗದ ದಾಖಲೆ ಪುಸ್ತಕದಲ್ಲಿ ಶಾಯಿಯಿಂದ ಬರೆದು ಇಬ್ಬರು ರುಜು ಹಾಕಿದ್ದೇವೆ. ಗಣಕದಲ್ಲಿಯೇ ಬರೆದಿಟ್ಟಿದ್ದರೆ ಅದೂ ಕಡತವೇ ಆಗುತ್ತಿತ್ತಷ್ಟೆ. ಸಾಧುವಾದ ಎರಡು ತಿದ್ದುಪಡಿಗಳನ್ನು ಒಂದು ಪ್ರತಿಯಲ್ಲಿ ಎರಡನೆಯ ಸೆಷನ್ನಾಗಿ ಎಕ್ಸೋರಿಸೋ ಮೂಲಕ ಸೇರಿಸಿದ್ದೇವೆ. ಸಂದಿಗ್ಧವಾದ ಮೂರನೆಯ ಪಾಠವನ್ನು ಮುಟ್ಟಿಲ್ಲ. ಮನೆಯವರ ಒಪ್ಪಿಗೆ ದೊರೆತರೆ ಗೋಡೆಯ ಸುಣ್ಣವನ್ನು ತೆಗೆಯಿಸಿ ವೀರಗಲ್ಲಿನ ಹೊಸ ಪಡಿಯಚ್ಚನ್ನು ತೆಗೆಯಬೇಕೆಂದಿದ್ದೇವೆ.